ಸದ್ದು ಬಂದ ಮೇಲೆ ನೋಡೋಣ ಎಂಬ ಸಿದ್ಧಾಂತ

ಗ್ಯಾರೇಜುಗಳಲ್ಲಿ ಬೇರೂರಿದ ಒಂದು ಸಿದ್ಧಾಂತವಿದೆ. ಯುನಿವರ್ಸಲ್ ಜಾಯಿಂಟ್ ಎಂದರೆ ಸವೆಯುವ ಸಾಮಾನು. ಸದ್ದು ಮಾಡಿದರೆ ಬದಲಿಸಬೇಕು, ಮಾಡದಿದ್ದರೆ ಮುಟ್ಟಬಾರದು. ನಾಲ್ಕು ಜಾಯಿಂಟುಗಳಲ್ಲಿ ಯಾವುದು ಹೋಗಿದೆಯೋ ಅದೊಂದನ್ನೇ ತೆಗೆದರೆ ಸಾಕು. ಅದಕ್ಕೆ ಸುತ್ತಿಗೆ, ವೈಸ್, ಹಳೆಯದೊಂದು ಸಾಕೆಟ್ ಇದ್ದರೆ ಮಧ್ಯಾಹ್ನದ ಊಟದೊಳಗೆ ಕೆಲಸ ಮುಗಿಯುತ್ತದೆ. ಮೇಸ್ತ್ರಿ ಹೀಗೆ ಹೇಳುತ್ತಾನೆ, ಕಾರಿನ ಯಜಮಾನ ತಲೆಯಾಡಿಸುತ್ತಾನೆ. ಹಳೆಯ ಸ್ಪೋರ್ಟ್ಸ್ ಕಾರುಗಳನ್ನು ಸಾಕುವ ಓದಿದ ಹವ್ಯಾಸಿಗಳೂ ಇದನ್ನೇ ಅನುಭವದ ಮಾತೆಂದು ಒಬ್ಬರಿಗೊಬ್ಬರು ದಾಟಿಸುತ್ತಾರೆ. ಇಂಗ್ಲೆಂಡಿನ ಶೆಡ್ಡುಗಳಲ್ಲೂ ಅಮೆರಿಕದ ಗ್ಯಾರೇಜುಗಳಲ್ಲೂ ಬೆಂಗಳೂರಿನ ಓಣಿಗಳಲ್ಲೂ ಈ ಮಾತಿಗೆ ಒಂದೇ ಧಾಟಿ.

ಜಾಗ್ವಾರ್ ಇ-ಟೈಪ್‌ನಂಥ ಕಾರಿನ ಹಿಂದಿನ ಆಕ್ಸಲ್‌ಗೆ ಈ ಸಿದ್ಧಾಂತವನ್ನು ಅನ್ವಯಿಸುವುದು ಶುದ್ಧ ತಪ್ಪು. ಅರ್ಧ ಸರಿ, ಅರ್ಧ ತಪ್ಪು ಎಂದು ರಾಜಿ ಮಾಡಿಕೊಳ್ಳುವ ವಿಷಯ ಇದಲ್ಲ. ಅದರ ಮೂರು ಮಾತೂ ಒಂದೇ ಅಜ್ಞಾನದಿಂದ ಹುಟ್ಟಿವೆ: ಆ ಜಾಯಿಂಟ್ ಅಲ್ಲಿ ಮಾಡುತ್ತಿರುವ ಕೆಲಸ ಏನು ಎಂಬುದೇ ಗೊತ್ತಿಲ್ಲದಿರುವುದು.

ಸಿದ್ಧಾಂತ ಎಲ್ಲಿಂದ ಬಂತು ಎಂಬುದನ್ನು ಮೊದಲು ನೋಡೋಣ. ಅದರ ಮೂಲ ಪ್ರಾಮಾಣಿಕವಾದದ್ದೇ. ನಮ್ಮ ಮೇಸ್ತ್ರಿಗಳು ಕೈ ಪಳಗಿಸಿಕೊಂಡದ್ದು ಲಾರಿ, ಜೀಪು, ಅಂಬಾಸಿಡರ್, ಪದ್ಮಿನಿಗಳ ಮೇಲೆ. ಈ ಬಂಡಿಗಳಲ್ಲೆಲ್ಲ ಹಿಂದೆ ಇರುವುದು ಗಟ್ಟಿ ಆಕ್ಸಲ್. ಎರಡೂ ಚಕ್ರಗಳನ್ನು ಒಂದೇ ಹೌಸಿಂಗ್ ಹಿಡಿದಿರುತ್ತದೆ, ಹೌಸಿಂಗನ್ನು ಪಟ್ಟಿ ಸ್ಪ್ರಿಂಗುಗಳು ಹೊತ್ತಿರುತ್ತವೆ. ಯುನಿವರ್ಸಲ್ ಜಾಯಿಂಟು ಇರುವುದು ಗೇರ್‌ಬಾಕ್ಸಿನಿಂದ ಹಿಂದಕ್ಕೆ ಹೋಗುವ ಪ್ರೊಪೆಲ್ಲರ್ ಶಾಫ್ಟಿನಲ್ಲಿ. ಅದಕ್ಕಿರುವ ಹೊಣೆ ಒಂದೇ, ಎಂಜಿನ್ನಿನ ತಿರುಚು ಬಲವನ್ನು ಹಿಂದಕ್ಕೆ ದಾಟಿಸುವುದು. ಆ ಜಾಯಿಂಟಿನ ನಡುವಿನ ಕ್ರಾಸ್ ಸವೆದರೆ ಕ್ಲಚ್ ಬಿಟ್ಟಾಗ ‘ಟಕ್’ ಎನ್ನುತ್ತದೆ, ವೇಗದಲ್ಲಿ ನಡುಕ ಬರುತ್ತದೆ. ಆದರೂ ಚಕ್ರ ನಿಂತ ಜಾಗದಲ್ಲೇ ನಿಂತಿರುತ್ತದೆ, ಬಂಡಿ ಹಿಡಿದ ದಾರಿಯಲ್ಲೇ ಹೋಗುತ್ತದೆ. ಅಲ್ಲಿ ‘ಸದ್ದು ಬಂದ ಮೇಲೆ ನೋಡೋಣ’ ಎನ್ನುವುದು ಸೋಮಾರಿತನವಲ್ಲ, ಲೆಕ್ಕಾಚಾರ. ತಪ್ಪಾದದ್ದು ಆ ಲೆಕ್ಕವನ್ನು ಬೇರೆ ಕುಲದ ಕಾರಿಗೆ ಹಾಗೆಯೇ ಎತ್ತಿ ಹಾಕಿದಾಗ.

ಇ-ಟೈಪ್ ಜಗತ್ತಿನ ಕಣ್ಣಿಗೆ ಬಿದ್ದದ್ದು 1961ರ ಮಾರ್ಚ್‌ನಲ್ಲಿ, ಜಿನೀವಾದ ಮೋಟಾರು ಪ್ರದರ್ಶನದಲ್ಲಿ. ಜನ ಅದರ ಉದ್ದ ಮೂತಿಗೆ ಮರುಳಾದರು. ಎಂಜಿನಿಯರಿಂಗಿನ ನಿಜವಾದ ಸಾಹಸ ಇದ್ದದ್ದು ಹಿಂಬದಿಯಲ್ಲಿ. ಕೊವೆಂಟ್ರಿಯ ಜಾಗ್ವಾರ್ ಕಂಪನಿಯಲ್ಲಿ ವಿಲಿಯಂ ಹೇನ್ಸ್ ಅವರ ಎಂಜಿನಿಯರಿಂಗ್ ವಿಭಾಗದಲ್ಲಿ ಬಾಬ್ ನೈಟ್ ರೂಪಿಸಿದ ಸ್ವತಂತ್ರ ಸಸ್ಪೆನ್ಷನ್ ಅದು. ಡಿಫರೆನ್ಷಿಯಲ್, ಅದಕ್ಕೆ ಅಂಟಿಕೊಂಡಂತೆ ಎರಡು ಡಿಸ್ಕ್ ಬ್ರೇಕು, ಎರಡೂ ಬದಿಗೆ ಹಾಫ್ ಶಾಫ್ಟು, ನಾಲ್ಕು ಸ್ಪ್ರಿಂಗು, ಎಲ್ಲವೂ ಒಂದು ಉಕ್ಕಿನ ಗೂಡಿನಲ್ಲಿ ಕೂತು ರಬ್ಬರ್ ಮೌಂಟುಗಳ ಮೇಲೆ ಕಾರಿಗೆ ಸೇರುತ್ತವೆ. ಆ ವ್ಯವಸ್ಥೆಯೇ ಮುಂದೆ ಎಕ್ಸ್‌ಜೆ6ಕ್ಕೂ ಎಕ್ಸ್‌ಜೆ-ಎಸ್‌ಗೂ ಬಂತು.

ಈ ಗೂಡಿನಲ್ಲಿ ಚಕ್ರವನ್ನು ಅಡ್ಡಕ್ಕೆ ಹಿಡಿದಿಡುವುದು ಯಾವುದು? ಕೆಳಗೆ ಕೊಳವೆಯಾಕಾರದ ಒಂದು ತೋಳಿದೆ. ಮೇಲೆ? ಹುಡುಕಿದರೆ ಬೇರೆ ತೋಳು ಸಿಗುವುದಿಲ್ಲ. ಮೇಲಿನ ತೋಳು ಹಾಫ್ ಶಾಫ್ಟೇ. ಅದರ ಉದ್ದ ಬದಲಾಗದು, ಜಾರುವ ಸ್ಪ್ಲೈನ್ ಅದರಲ್ಲಿಲ್ಲ. ಎರಡು ತುದಿಗೂ ಒಂದೊಂದು ಯುನಿವರ್ಸಲ್ ಜಾಯಿಂಟು. ಅಂದರೆ ಇಲ್ಲಿ ಜಾಯಿಂಟು ತಿರುಚು ಬಲವನ್ನು ದಾಟಿಸುವುದರ ಜೊತೆಗೆ ಚಕ್ರವನ್ನು ನೆಟ್ಟಗೆ ನಿಲ್ಲಿಸಬೇಕು. ಎರಡು ಕೀಲಿನ ಮೇಲೆ ನಿಂತ ಬಾಗಿಲಲ್ಲಿ ಮೇಲಿನ ಕೀಲು ಸಡಿಲವಾದರೆ ಬಾಗಿಲು ಕಿರುಗುಟ್ಟುವುದಿರಲಿ, ವಾಲುತ್ತದೆ. ಇಲ್ಲಿ ಆಗುವುದೂ ಅಷ್ಟೇ.

ಇದು ಜಾಗ್ವಾರಿನ ಒಂದು ವಿಚಿತ್ರವಲ್ಲ. 1963ರ ಷೆವ್ರೊಲೆ ಕಾರ್ವೆಟ್ ಸ್ಟಿಂಗ್ ರೇಗೆ ಎಂಜಿನಿಯರ್ ಜೋರಾ ಆರ್ಕಸ್-ಡಂಟಾವ್ ಕೊಟ್ಟ ಹಿಂಬದಿಯಲ್ಲೂ ಹಾಫ್ ಶಾಫ್ಟೇ ಮೇಲಿನ ತೋಳು. 1962ರಲ್ಲಿ ಬಂದ ಟ್ರಯಂಫ್ ಸ್ಪಿಟ್‌ಫೈರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅದರಲ್ಲಿ ಬದಿಗೊಂದೇ ಜಾಯಿಂಟು, ಅದೂ ಡಿಫರೆನ್ಷಿಯಲ್ ಪಕ್ಕದಲ್ಲಿ. ಶಾಫ್ಟು ಮತ್ತು ಚಕ್ರ ಒಂದಾಗಿ ಆ ಜಾಯಿಂಟನ್ನೇ ಕೀಲಾಗಿಸಿಕೊಂಡು ಮೇಲಕ್ಕೂ ಕೆಳಕ್ಕೂ ತೂಗುತ್ತವೆ. ಈ ಆಕ್ಸಲ್ ಸ್ಪಿಟ್‌ಫೈರ್‌ಗೆ ಬಂದದ್ದು ಟ್ರಯಂಫ್ ಹೆರಾಲ್ಡ್‌ನಿಂದ. ಅದೇ ಹೆರಾಲ್ಡ್ ಮದರಾಸಿನ ಕಾರ್ಖಾನೆಯಲ್ಲಿ ‘ಸ್ಟ್ಯಾಂಡರ್ಡ್ ಹೆರಾಲ್ಡ್’ ಆಗಿ ತಯಾರಾಗಿ ನಮ್ಮ ರಸ್ತೆಗಳಲ್ಲಿ ಓಡಿತು. 1972ರಲ್ಲಿ ಬಂದ ಅದರ ಉತ್ತರಾಧಿಕಾರಿ ಗೆಜೆಲ್‌ಗೆ ಕಂಪನಿಯವರು ಗಟ್ಟಿ ಆಕ್ಸಲ್ಲನ್ನೇ ಹಾಕಿದರು. ಹಾಗಾಗಿ ಸಸ್ಪೆನ್ಷನ್ನಿನ ಭಾರ ಹೊರುವ ಜಾಯಿಂಟಿನ ಪಾಠ ಕಲಿಯಲು ನಮ್ಮ ಗ್ಯಾರೇಜುಗಳಿಗೆ ಸಿಕ್ಕ ಅವಕಾಶ ಬೇಗನೇ ಮುಗಿಯಿತು. ಉಳಿದದ್ದು ಲಾರಿಯ ಪಾಠ.

ಎದುರು ಪಕ್ಷಕ್ಕೆ ಸಲ್ಲಬೇಕಾದದ್ದನ್ನು ಸಲ್ಲಿಸಿಬಿಡೋಣ. ಎಲ್ಲ ಸ್ಪೋರ್ಟ್ಸ್ ಕಾರುಗಳೂ ಹೀಗಿಲ್ಲ. ಟ್ರಯಂಫ್ ಟಿಆರ್6ರಲ್ಲಿ ಚಕ್ರವನ್ನು ಹಿಡಿಯಲು ಹಿಂಚಾಚಿದ ದೊಡ್ಡ ತೋಳು ಬೇರೆಯೇ ಇದೆ, ಹಾಫ್ ಶಾಫ್ಟಿನ ನಡುವೆ ಜಾರುವ ಸ್ಪ್ಲೈನ್ ಇದೆ. ಅಲ್ಲಿ ಜಾಯಿಂಟು ತಿರುಚು ಬಲವನ್ನಷ್ಟೇ ದಾಟಿಸುತ್ತದೆ. ಆ ಕಾರಿನ ಯಜಮಾನ ಮೇಸ್ತ್ರಿಯ ಮಾತು ಕೇಳಿದರೆ ನಷ್ಟ ಕಡಿಮೆ. ಆದ್ದರಿಂದ ಮೊದಲ ಪ್ರಶ್ನೆ ‘ಜಾಯಿಂಟು ಸದ್ದು ಮಾಡುತ್ತಿದೆಯೇ’ ಎಂಬುದಲ್ಲ, ‘ಈ ಕಾರಿನಲ್ಲಿ ಚಕ್ರವನ್ನು ಹಿಡಿದಿರುವುದು ಯಾವುದು’ ಎಂಬುದು. ಈ ಪ್ರಶ್ನೆಯನ್ನು ಕೇಳಿಕೊಳ್ಳದೆ ಸ್ಪ್ಯಾನರ್ ಎತ್ತುವುದೇ ಎಲ್ಲ ಅನರ್ಥದ ಬೇರು.

ಈಗ ಅಳತೆಗೆ ಬರೋಣ, ಏಕೆಂದರೆ ‘ಸ್ವಲ್ಪ ಪ್ಲೇ (ಸಡಿಲ) ಇದ್ದರೆ ಏನಾಗುತ್ತೆ’ ಎಂಬ ಮಾತಿಗೆ ಅಳತೆಯೇ ಉತ್ತರ. ಇ-ಟೈಪ್‌ನ ಹಿಂದಿನ ಚಕ್ರ ಮುಕ್ಕಾಲು ಡಿಗ್ರಿ ಒಳಕ್ಕೆ ವಾಲಿರಬೇಕು, ಕಾಲು ಡಿಗ್ರಿ ಹೆಚ್ಚುಕಡಿಮೆಯಾದರೆ ಸರಿ ಎಂದು ಜಾಗ್ವಾರಿನ ಕೈಪಿಡಿ ಹೇಳುತ್ತದೆ. ಈ ವಾಲನ್ನು, ಅಂದರೆ ಕ್ಯಾಂಬರನ್ನು, ಹೊಂದಿಸಲು ಹಾಫ್ ಶಾಫ್ಟಿನ ಒಳತುದಿಗೂ ಬ್ರೇಕ್ ಡಿಸ್ಕಿಗೂ ನಡುವೆ ತೆಳು ಶಿಮ್‌ಗಳನ್ನು ಇಡುತ್ತಾರೆ. 0.020 ಇಂಚಿನ, ಎಂದರೆ ಅರ್ಧ ಮಿಲಿಮೀಟರಿನ ಒಂದು ಶಿಮ್ ಹಾಕಿದರೆ ಕ್ಯಾಂಬರ್ ಸುಮಾರು ಕಾಲು ಡಿಗ್ರಿ ಬದಲಾಗುತ್ತದೆ. ಇದನ್ನು ಸವೆದ ಜಾಯಿಂಟಿಗೆ ಅನ್ವಯಿಸಿ ನೋಡಿ. ಒಂದು ಶಾಫ್ಟಿನ ಎರಡು ಜಾಯಿಂಟುಗಳಲ್ಲಿ ತಲಾ ಕಾಲು ಮಿಲಿಮೀಟರು ಪ್ಲೇ ಇದ್ದರೆ ಒಟ್ಟು ಅರ್ಧ ಮಿಲಿಮೀಟರು. ಕಾರ್ಖಾನೆ ಬಿಟ್ಟುಕೊಟ್ಟ ಕಾಲು ಡಿಗ್ರಿಯ ಅವಕಾಶವನ್ನು ಇಷ್ಟೇ ನುಂಗಿಹಾಕಬಲ್ಲದು. ಕಾಲು ಮಿಲಿಮೀಟರು ಪ್ಲೇ ಇರುವ ಜಾಯಿಂಟನ್ನು ಲಾರಿ ಮೇಸ್ತ್ರಿ ಕೈಯಲ್ಲಿ ಅಲ್ಲಾಡಿಸಿ ‘ಇನ್ನೂ ಒಂದು ವರ್ಷ ಓಡುತ್ತೆ ಸಾರ್’ ಎಂದು ಪಕ್ಕಕ್ಕಿಡುತ್ತಾನೆ. ಲಾರಿಗೆ ಅವನ ಮಾತು ಸರಿ.

ಜೊತೆಗೆ ಈ ಕಾಲು ಡಿಗ್ರಿ ಸುಮ್ಮನೆ ಒಂದೆಡೆ ಕೂತಿರುವುದಿಲ್ಲ. ನೇರ ರಸ್ತೆಯಲ್ಲಿ ಕಾರಿನ ಭಾರ ಹಾಫ್ ಶಾಫ್ಟನ್ನು ಒಳಕ್ಕೆ ಒತ್ತುತ್ತದೆ. ಜೋರಾಗಿ ತಿರುವು ತೆಗೆದುಕೊಂಡಾಗ ಟೈರಿನ ಮೇಲೆ ಬೀಳುವ ಅಡ್ಡಬಲ ಹೊರಬದಿಯ ಶಾಫ್ಟನ್ನು ಹೊರಕ್ಕೆ ಎಳೆಯಲು ನೋಡುತ್ತದೆ. ಬಲ ದಿಕ್ಕು ಬದಲಿಸುವ ಆ ಕ್ಷಣದಲ್ಲಿ ಜಾಯಿಂಟಿನ ಸಡಿಲವೆಲ್ಲ ಒಂದು ಬದಿಯಿಂದ ಇನ್ನೊಂದು ಬದಿಗೆ ಜಿಗಿಯುತ್ತದೆ. ಸ್ಟೀರಿಂಗ್ ಹಿಡಿದವನಿಗೆ ಹಿಂಬದಿ ಸಣ್ಣಗೆ ಹೆಜ್ಜೆ ಎತ್ತಿಟ್ಟಂತೆ ಅನಿಸುತ್ತದೆ. ಅವನು ಟೈರನ್ನು ಬೈಯುತ್ತಾನೆ, ರಬ್ಬರ್ ಬುಶ್‌ಗಳನ್ನು ಬೈಯುತ್ತಾನೆ, ‘ಹಳೇ ಕಾರು, ಹೀಗೇ’ ಎಂದು ಸಮಾಧಾನ ಮಾಡಿಕೊಳ್ಳುತ್ತಾನೆ. ಸದ್ದಿನ್ನೂ ಬಂದಿರುವುದಿಲ್ಲ.

ಇಲ್ಲಿಗೆ ಸಿದ್ಧಾಂತದ ಮೊದಲ ಮಾತು ಬಿದ್ದಂತೆ. ಸದ್ದು ಸವೆತದ ಮುನ್ಸೂಚನೆಯಲ್ಲ, ಅದು ಕೊನೆಯ ಹಂತದ ಘೋಷಣೆ. ಜಾಯಿಂಟಿನ ಒಳಗಿನ ಕತೆ ಹೀಗಿದೆ: ಕ್ರಾಸಿನ ನಾಲ್ಕು ತೋಳುಗಳ ಮೇಲೆ ನಾಲ್ಕು ಕಪ್‌ಗಳು, ಪ್ರತಿ ಕಪ್ಪಿನೊಳಗೆ ಸಾಲಾಗಿ ನಿಂತ ಉಕ್ಕಿನ ಸೂಜಿಗಳು, ಅಂದರೆ ನೀಡಲ್ ಬೇರಿಂಗು. ಚಕ್ರದ ಬೇರಿಂಗಿನ ಹಾಗೆ ಇವು ಸುತ್ತು ಹೊಡೆಯುವುದಿಲ್ಲ. ಶಾಫ್ಟು ಎಷ್ಟು ಕೋನದಲ್ಲಿದೆಯೋ ಅಷ್ಟರಲ್ಲೇ ಹಿಂದಕ್ಕೂ ಮುಂದಕ್ಕೂ ಹೊರಳಾಡುತ್ತವೆ. ಕೋನ ಕಡಿಮೆಯಿದ್ದಷ್ಟೂ ಪ್ರತಿ ಸೂಜಿ ಒಂದೇ ಗೆರೆಯ ಮೇಲೆ ಉಜ್ಜುತ್ತದೆ. ಅಲ್ಲಿನ ಗ್ರೀಸು ಬದಿಗೆ ಸರಿಯುತ್ತದೆ, ಉಕ್ಕಿಗೆ ಉಕ್ಕು ತಾಗುತ್ತದೆ. ಇಂಥ ಕ್ರಾಸನ್ನು ಬಿಚ್ಚಿ ಒರೆಸಿ ಬೆಳಕಿಗೆ ಹಿಡಿದರೆ ತೋಳಿನ ಒಂದು ಮಗ್ಗುಲಲ್ಲಿ ಸಮಾನಾಂತರ ಗೆರೆಗಳು ಕಾಣುತ್ತವೆ. ಉಗುರು ಎಳೆದರೆ ಒಂದೊಂದೂ ಸಿಕ್ಕಿಕೊಳ್ಳುತ್ತದೆ. ಇನ್ನೊಂದು ಮಗ್ಗುಲು ಇನ್ನೂ ಕನ್ನಡಿಯ ಹಾಗೆ ಹೊಳೆಯುತ್ತಿರುತ್ತದೆ. ಕಪ್ಪಿನಿಂದ ಗ್ರೀಸು ಬರುವ ಬದಲು ಇಟ್ಟಿಗೆ ಬಣ್ಣದ ಪುಡಿ ಉದುರುತ್ತದೆ. ಈ ಗೆರೆಗಳು ಮೂಡಿ ಎಷ್ಟೋ ಕಾಲದ ಮೇಲೆ ‘ಟಕ್’ ಎಂಬ ಸದ್ದು ಬರುವುದು.

ಹಾಗಾದರೆ ತಿಳಿಯುವುದು ಹೇಗೆ? ಕಿವಿಯಿಂದಲ್ಲ, ಕೈಯಿಂದ. ಕಾರಿನ ಹಿಂಬದಿಯನ್ನು ಜಾಕ್ ಮೇಲೆತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ, ಮುಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ಗೇರು ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಬಿಡಬೇಕು. ಒಂದು ಕೈಯಲ್ಲಿ ಶಾಫ್ಟು, ಇನ್ನೊಂದು ಕೈಯಲ್ಲಿ ಕಪ್ಪುಗಳು ಕೂರುವ ಯೋಕ್ ಹಿಡಿದು ತಿರುಚಿ, ಎಳೆದು, ಎತ್ತಿ ನೋಡಬೇಕು. ಕಪ್ಪಿಗೂ ಯೋಕಿಗೂ ನಡುವೆ ಕಣ್ಣಿಗೆ ಕಾಣುವ ಯಾವ ಚಲನೆಯೂ ಇರಕೂಡದು. ಸೀಲಿನ ಸುತ್ತ ಕೆಂಪು ಪುಡಿ ಕಂಡರೆ ಪ್ಲೇ ಇಲ್ಲದಿದ್ದರೂ ಆ ಜಾಯಿಂಟಿನ ಕತೆ ಮುಗಿದಿದೆ. ಹಬ್ ಬೇರಿಂಗಿನ ಪ್ಲೇಯನ್ನು, ಡಿಫರೆನ್ಷಿಯಲ್ಲಿನ ಹೊರಶಾಫ್ಟಿನ ಪ್ಲೇಯನ್ನು, ಕೆಳತೋಳಿನ ಪ್ಲೇಯನ್ನು ಇದರಿಂದ ಬೇರೆಯಾಗಿ ಗುರುತಿಸಬೇಕು. ಚಕ್ರವನ್ನು ಹಿಡಿದು ಅಲ್ಲಾಡಿಸಿದರೆ ಇವೆಲ್ಲ ಒಟ್ಟಿಗೇ ಕೈಗೆ ಬರುತ್ತವೆ, ಏನೂ ತಿಳಿಯುವುದಿಲ್ಲ.

ಎರಡನೆಯ ಮಾತು, ‘ಹೋದದ್ದೊಂದನ್ನೇ ತೆಗೆ’. ಇದು ಮಿತವ್ಯಯದ ವೇಷ ಹಾಕಿಕೊಂಡ ದುಂದು. ಇ-ಟೈಪ್‌ನಲ್ಲಿ ಹಾಫ್ ಶಾಫ್ಟನ್ನು ಹೊರತೆಗೆಯಬೇಕಾದರೆ ಹಬ್ಬಿನ ನಡುವಿನ ದೊಡ್ಡ ನಟ್ಟು ಬಿಚ್ಚಬೇಕು, ಸ್ಪ್ಲೈನಿಗೆ ಕಚ್ಚಿಕೊಂಡ ಹಬ್ಬನ್ನು ಪುಲ್ಲರ್ ಹಾಕಿ ಎಳೆಯಬೇಕು, ಒಳಬದಿಯಲ್ಲಿ ಬ್ರೇಕ್ ಡಿಸ್ಕಿನ ಪಕ್ಕದ ಇಕ್ಕಟ್ಟಿನಲ್ಲಿ ನಾಲ್ಕು ನಟ್ಟುಗಳನ್ನು ತಡಕಾಡಿ ಬಿಚ್ಚಬೇಕು. ಕ್ಯಾಂಬರ್ ಶಿಮ್‌ಗಳು ಆಗಲೇ ಉದುರುತ್ತವೆ. ಯಾವ ಬದಿಗೆ ಎಷ್ಟಿದ್ದವು ಎಂದು ಬರೆದಿಟ್ಟುಕೊಳ್ಳದೆ ತಟ್ಟೆಗೆ ಹಾಕಿದರೆ ಜಾಯಿಂಟು ಹೊಸದಾಯಿತು, ಚಕ್ರ ಸೊಟ್ಟಗಾಯಿತು. ಇಷ್ಟೆಲ್ಲ ಮಾಡಿ ಒಂದು ಕ್ರಾಸ್ ಬದಲಿಸಿ, ಅದೇ ವಯಸ್ಸಿನ, ಅದೇ ಕೆಸರು ನೀರು ಕುಡಿದ, ಅದೇ ಬ್ರೇಕಿನ ಕಾವು ತಿಂದ ಇನ್ನೊಂದನ್ನು ಹಾಗೇ ಬಿಟ್ಟು ಮುಚ್ಚಿದರೆ ಕೂಲಿ ಎರಡು ಸಲ ಕೊಡಬೇಕಾಗುತ್ತದೆ. ಕ್ಯಾಂಬರ್ ಲೆಕ್ಕವೂ ಇದನ್ನೇ ಹೇಳುತ್ತದೆ: ಎಡಗಡೆ ಬಿಗಿ, ಬಲಗಡೆ ಸಡಿಲ ಇರುವ ಕಾರು ಎರಡು ತಿರುವಿನಲ್ಲಿ ಎರಡು ರೀತಿ ನಡೆದುಕೊಳ್ಳುತ್ತದೆ. ನಾಲ್ಕನ್ನೂ ಒಟ್ಟಿಗೆ ಬದಲಿಸಿ, ಕ್ಯಾಂಬರ್ ಅಳೆದು, ಶಿಮ್ ಹೊಂದಿಸಿದಾಗಲೇ ಆ ಕೆಲಸಕ್ಕೆ ಮುಕ್ತಾಯ.

ಮೂರನೆಯದು ಸುತ್ತಿಗೆ. ಕಪ್ಪನ್ನು ಹಿಡಿದಿಡುವ ಸರ್‌ಕ್ಲಿಪ್ ತೆಗೆದು ಒಂದು ಬದಿಗೆ ಸಾಕೆಟ್ ಇಟ್ಟು ಹೊಡೆದರೆ ಹಳೆಯ ಕಪ್ ಹೊರಬರುತ್ತದೆ, ನಿಜ. ಅದರ ಜೊತೆ ಯೋಕಿನ ಎರಡು ಕಿವಿಗಳೂ ಕೂದಲೆಳೆಯಷ್ಟು ಅಗಲಿದರೆ ಅದು ಕಣ್ಣಿಗೆ ಕಾಣುವುದಿಲ್ಲ, ಹೊಸ ಕ್ರಾಸಿಗೆ ಗೊತ್ತಾಗುತ್ತದೆ. ಕಪ್ ಕೂರುವ ರಂಧ್ರ ಅಂಡಾಕಾರವಾದರೆ ಆ ಯೋಕ್ ಮತ್ತೆ ಯಾವ ಕಪ್ಪನ್ನೂ ಬಿಗಿಯಾಗಿ ಹಿಡಿಯದು. ಹೊಸ ಕಪ್ ಕೂರಿಸುವಾಗ ಗ್ರೀಸಿನಿಂದ ಅಂಟಿ ನಿಂತ ಸೂಜಿಗಳಲ್ಲಿ ಒಂದು, ಸುತ್ತಿಗೆಯ ಏಟಿಗೆ ಕಳಚಿ ಕಪ್ಪಿನ ತಳದಲ್ಲಿ ಅಡ್ಡ ಮಲಗುತ್ತದೆ. ಆಗ ಕಪ್ ಪೂರ್ತಿ ಒಳಹೋಗುವುದಿಲ್ಲ, ಸರ್‌ಕ್ಲಿಪ್ಪಿನ ತೋಡು ಅರ್ಧ ಮಾತ್ರ ಕಾಣುತ್ತದೆ. ‘ಟೈಟಾಗಿದೆ’ ಎಂದು ಇನ್ನೆರಡು ಏಟು ಬೀಳುತ್ತವೆ. ಸೂಜಿ ಜಜ್ಜಿಹೋಗುತ್ತದೆ, ಸರ್‌ಕ್ಲಿಪ್ ಹೇಗೋ ಕೂತಂತೆ ಕಾಣುತ್ತದೆ, ಕಾರು ಹೊರಡುತ್ತದೆ. ತೋಡಿನಲ್ಲಿ ಸರಿಯಾಗಿ ಕೂರದ ಸರ್‌ಕ್ಲಿಪ್ ಎಂದರೆ ವೇಗದಲ್ಲಿ ತಿರುಗುತ್ತಿರುವ ಕಪ್ಪನ್ನು ತಡೆಯುವ ಕಾವಲುಗಾರನೇ ಇಲ್ಲವೆಂದು ಅರ್ಥ. ಪ್ರೊಪೆಲ್ಲರ್ ಶಾಫ್ಟಿನಲ್ಲಿ ಕಪ್ ಹಾರಿದರೆ ಬಂಡಿ ದಾರಿಯಲ್ಲಿ ನಿಲ್ಲುತ್ತದೆ. ಇಲ್ಲಿ ಹಾರಿದರೆ ಚಕ್ರದ ಮೇಲಿನ ಆಸರೆಯೇ ಹೋಗುತ್ತದೆ.

ವೈಸಿನ ಮೇಲೆ ನನಗೆ ಸಿಟ್ಟಿಲ್ಲ. ನಿಧಾನಕ್ಕೆ, ನೇರಕ್ಕೆ ಒತ್ತಿದರೆ ವೈಸೂ ಒಳ್ಳೆಯ ಪ್ರೆಸ್ಸೇ. ಎದುರಿನ ಕಪ್ ಅರ್ಧ ಹೋದಾಗ ಕ್ರಾಸಿನ ತೋಳನ್ನು ಎತ್ತಿ ಅದರೊಳಗೆ ತೂರಿಸಿ ಸೂಜಿಗಳನ್ನು ಜಾಗದಲ್ಲೇ ಹಿಡಿದುಕೊಂಡು ಒತ್ತಬೇಕು. ನಾಲ್ಕು ಸರ್‌ಕ್ಲಿಪ್ಪೂ ತೋಡಿನ ತಳ ಮುಟ್ಟಿ ಕೂತ ಮೇಲೆ ಜಾಯಿಂಟನ್ನು ಎರಡೂ ದಿಕ್ಕಿಗೆ ಬಾಗಿಸಿ ನೋಡಬೇಕು. ಎಲ್ಲೂ ಮೆಟ್ಟಿಲು ಹತ್ತಿದಂತೆ ತಡೆಯಬಾರದು. ತಡೆದರೆ ಅದನ್ನು ‘ಓಡ್ತಾ ಓಡ್ತಾ ಸರಿಹೋಗುತ್ತೆ’ ಎಂದು ಹಾಕಿ ಕಳಿಸುವುದು ಕಸುಬಿಗೆ ಮಾಡುವ ದ್ರೋಹ.

ಇನ್ನು ಗ್ರೀಸ್ ನಿಪ್ಪಲ್ ವಿಷಯ. ನಿಪ್ಪಲ್ ಇಲ್ಲದ, ಸೀಲ್ ಮಾಡಿದ ಕ್ರಾಸೇ ಆಧುನಿಕ, ನಿಪ್ಪಲ್‌ಗಾಗಿ ತೂತು ಕೊರೆದ ಕ್ರಾಸ್ ದುರ್ಬಲ ಎಂಬ ವಾದ ಈಗ ಜೋರಾಗಿದೆ. ತೂತಿಲ್ಲದ ಉಕ್ಕು ತೂತಿರುವ ಉಕ್ಕಿಗಿಂತ ಗಟ್ಟಿ ಎಂಬುದನ್ನು ಯಾರೂ ಅಲ್ಲಗಳೆಯರು. ರೇಸಿನ ಟೈರು ಹಾಕಿ ಕ್ಲಚ್ ಎಗರಿಸುವವನಿಗೆ ಅದು ಮುಖ್ಯವೂ ಹೌದು. ಆದರೆ ರಸ್ತೆಯ ಮೇಲೆ ಓಡುವ ಹಳೆಯ ಕಾರಿನಲ್ಲಿ ಕ್ರಾಸ್ ಸಾಯುವುದು ತಿರುಚು ಬಲಕ್ಕೆ ಮುರಿದಲ್ಲ, ಒಣಗಿ ತುಕ್ಕು ಹಿಡಿದು. ಅದೂ ಇ-ಟೈಪ್‌ನಲ್ಲಿ ಒಳಗಿನ ಜಾಯಿಂಟಿನ ಪಕ್ಕದಲ್ಲೇ ಬ್ರೇಕ್ ಡಿಸ್ಕ್ ಕಾಯುತ್ತಿರುತ್ತದೆ. ಆ ಕಾವಿನಲ್ಲಿ ಹಳೆಯ ಗ್ರೀಸನ್ನು ಹೊರದೂಡಿ ಹೊಸದನ್ನು ತುಂಬುವ ದಾರಿಯನ್ನೇ ಮುಚ್ಚಿಕೊಳ್ಳುವುದು ಜಾಣತನವಲ್ಲ. ಒಂದು ಎಚ್ಚರ ಮಾತ್ರ ಬೇಕು. ಗ್ರೀಸ್ ಗನ್ ಒತ್ತುವುದು ನಾಲ್ಕು ಸೀಲಿನಿಂದಲೂ ಹಳೆಯ ಗ್ರೀಸ್ ಇಣುಕುವ ತನಕ, ಆಮೇಲೆ ಚೊಕ್ಕಟವಾಗಿ ಒರೆಸಬೇಕು. ಉಳಿದದ್ದು ಡಿಸ್ಕಿನ ಮೇಲೆ ಹಾರಿದರೆ ಬ್ರೇಕಿಗೆ ಕುತ್ತು. ನಿಪ್ಪಲ್ ಬೇಡ ಎನ್ನುವವರಲ್ಲಿ ಹೆಚ್ಚಿನವರ ನಿಜವಾದ ಕಾರಣ ಉಕ್ಕಿನ ಬಲವಲ್ಲ, ಕಾರಿನ ಕೆಳಗೆ ಮಲಗಲು ಮನಸ್ಸಿಲ್ಲದಿರುವುದು.

ಮತ್ತೊಂದು ಗುಂಪು ಇದೆ. ‘ಯುನಿವರ್ಸಲ್ ಜಾಯಿಂಟೇ ಪುರಾತನ, ಸಿವಿ ಜಾಯಿಂಟ್ ಹಾಕಿಸಿ, ತಲೆನೋವು ಮುಗೀತು’ ಎನ್ನುತ್ತದೆ. ಇವರೂ ಅದೇ ಹಳ್ಳಕ್ಕೆ ಬಿದ್ದವರು. ಈಗಿನ ಕಾರುಗಳ ಡ್ರೈವ್ ಶಾಫ್ಟಿನಲ್ಲಿ ಸಾಮಾನ್ಯವಾಗಿ ಒಂದು ತುದಿಯ ಸಿವಿ ಜಾಯಿಂಟು ಒಳಕ್ಕೂ ಹೊರಕ್ಕೂ ಜಾರುವಂಥದ್ದು. ಜಾರುವ ಶಾಫ್ಟು ಮೇಲಿನ ತೋಳಾಗಿ ನಿಲ್ಲಲಾರದು. ಅದನ್ನು ಹಾಕಬೇಕಾದರೆ ಚಕ್ರವನ್ನು ಹಿಡಿಯಲು ಇನ್ನೊಂದು ತೋಳನ್ನೇ ಕಟ್ಟಬೇಕು, ಅಂದರೆ ಬೇರೊಂದು ಸಸ್ಪೆನ್ಷನ್ನನ್ನೇ ರೂಪಿಸಬೇಕು. ಸಿವಿ ಜಾಯಿಂಟಿನಲ್ಲಿ ಇಲ್ಲದ, ಯುನಿವರ್ಸಲ್ ಜಾಯಿಂಟಿನ ದೋಷ ಎಂದು ಅವರು ಹೇಳುವ ತಿರುಗುವ ವೇಗದ ಏರಿಳಿತ ಇರುವುದು ಹೌದು. 17ನೇ ಶತಮಾನದಲ್ಲಿ ರಾಬರ್ಟ್ ಹುಕ್ ಈ ಜಾಯಿಂಟನ್ನು ವಿವರಿಸಿದ ಕಾಲದಿಂದ ಅದು ಜಗತ್ತಿಗೆ ಗೊತ್ತು. 10 ಡಿಗ್ರಿ ಕೋನದಲ್ಲಿ ಆ ಏರಿಳಿತ ಶೇಕಡಾ ಒಂದೂವರೆಯಷ್ಟು. ಶಾಫ್ಟಿನ ಎರಡು ಯೋಕ್‌ಗಳು ಒಂದೇ ಸಾಲಿನಲ್ಲಿದ್ದು ಎರಡು ತುದಿಯ ಕೋನಗಳೂ ಸಮನಾಗಿದ್ದರೆ ಒಂದು ಜಾಯಿಂಟಿನ ಏರಿಳಿತವನ್ನು ಇನ್ನೊಂದು ಅಳಿಸಿಹಾಕುತ್ತದೆ. ಕೊವೆಂಟ್ರಿಯವರಿಗೆ ಇದು ಗೊತ್ತಿಲ್ಲದೆ ಇರಲಿಲ್ಲ. ವಿನ್ಯಾಸದಲ್ಲಿ ತಪ್ಪಿಲ್ಲ, ಆರೈಕೆಯಲ್ಲಿದೆ.

‘ವರ್ಷಕ್ಕೆ ನಾಲ್ಕು ಭಾನುವಾರ ಹೊರತೆಗೆಯುವ ಕಾರಿಗೆ ಇಷ್ಟೆಲ್ಲ ಯಾಕೆ?’ ಎಂಬುದು ಕೊನೆಯ ಆಕ್ಷೇಪ. ಅಂಥ ಕಾರಿಗೇ ಇದು ಹೆಚ್ಚು ಬೇಕು. ದಿನಾ ಓಡುವ ಕಾರಿನ ಜಾಯಿಂಟಿನಲ್ಲಿ ಗ್ರೀಸು ಓಡಾಡುತ್ತದೆ. ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ಅದು ಕೆಳಗಿಳಿಯುತ್ತದೆ, ತೊಳೆದಾಗ ನುಗ್ಗಿದ ನೀರು ಒಳಗೇ ಕೂರುತ್ತದೆ, ಸೂಜಿಗಳು ನಿಂತ ಗೆರೆಯಲ್ಲೇ ತುಕ್ಕು ಮೊಳೆಯುತ್ತದೆ. ಮೀಟರಿನಲ್ಲಿ ಓಡಿದ ದೂರ ಕಡಿಮೆ ಇದೆ ಎಂಬುದು ಎಂಜಿನ್ನಿಗೆ ಪ್ರಮಾಣಪತ್ರ ಇರಬಹುದು, ಯುನಿವರ್ಸಲ್ ಜಾಯಿಂಟಿಗೆ ಅಲ್ಲ.

ಲಾರಿಯ ಪಾಠವನ್ನು ಲಾರಿಗೇ ಬಿಡೋಣ. ನಿಮ್ಮ ಕಾರಿನಲ್ಲಿ ಹಾಫ್ ಶಾಫ್ಟೇ ಮೇಲಿನ ತೋಳಾಗಿದ್ದರೆ ಅದರ ಕ್ರಾಸುಗಳನ್ನು ಬ್ರೇಕು, ಸ್ಟೀರಿಂಗುಗಳ ಸಾಲಿಗೆ ಸೇರಿಸಿ. ವರ್ಷಕ್ಕೊಮ್ಮೆ ಜಾಕ್ ಮೇಲೆತ್ತಿ ಕೈಯಲ್ಲಿ ಪರೀಕ್ಷಿಸಿ, ಪ್ಲೇ ಅಥವಾ ಕೆಂಪು ಪುಡಿ ಕಂಡ ದಿನವೇ ನಾಲ್ಕನ್ನೂ ಬದಲಿಸಿ. ಮೇಸ್ತ್ರಿ ಕೆಲಸಕ್ಕೆ ಕೂರುವ ಮೊದಲು ಅವನಿಗೆ ಮೂರು ಮಾತು ಹೇಳಿ: ಶಿಮ್ ಎಣಿಸಿಡು, ಸುತ್ತಿಗೆ ಬೇಡ, ಮುಗಿದ ಮೇಲೆ ಕ್ಯಾಂಬರ್ ಅಳೆದು ತೋರಿಸು. ಈ ಮೂರಕ್ಕೆ ಒಪ್ಪದವನ ಕೈಗೆ ಆ ಕಾರಿನ ಕೀಲಿ ಕೊಡಬೇಡಿ.